ಜೇಡದ ಮೇಷ್ಟ್ರು

ಹೋದ ವಾರ ಹರಿಹರದಿಂದ ಇಬ್ಬರು ಬಂದಿದ್ದರು. ನಾನು ಕೆಲಸ ಮಾಡಿ ನಿವೃತ್ತನಾದ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ಅಲ್ಲಿಯ ಜೂವಾಲಜಿ ಮೇಷ್ಟ್ರಿಗೆ ಅಭಿನಂದನಾ ಗ್ರಂಥ ತರುತ್ತಿದ್ದಾರಂತೆ. ಅವರ ಜೊತೆ ಅಷ್ಟು ವರ್ಷ ಪಾಠ ಮಾಡಿದವರು, ಒಂದೇ ಓಣಿಯಲ್ಲಿ ಇದ್ದವರು, ನೀವು ಒಂದು ಲೇಖನ ಕೊಡಲೇಬೇಕು ಎಂದು ಕೂತರು. "ಸಾರ್ ವ್ಯಕ್ತಿತ್ವ ಕಣ್ಣಿಗೆ ಕಟ್ಟಿದಂಗೆ ಬರೀರಿ," ಅಂದ ಒಬ್ಬ. ಬರೆಯುತ್ತೇನೆ. ಅವರು ಅಚ್ಚು ಹಾಕುವುದಿಲ್ಲ, ಅದು ಬೇರೆ ಮಾತು.

ಹೆಸರು ಬರೆಯುವುದಿಲ್ಲ. ಆ ಹೆಸರು ಶಾಲು ಹೊದಿಸಿದ ಫೋಟೋಗಳ ಕೆಳಗೆ ಬೇಕಾದಷ್ಟು ಸಲ ಬಂದಿದೆ, ನನ್ನ ಶಾಯಿಯೂ ಅದಕ್ಕೆ ಖರ್ಚಾಗುವುದು ಬೇಡ. 'ಅವರು' ಎಂದು ಶುರು ಮಾಡಿ ನೋಡಿದೆ. ಎರಡನೇ ಸಾಲಿಗೇ ಕೈ ನಿಂತಿತು. 'ಆತ' ಎನ್ನುತ್ತೇನೆ. ಅದೂ ಹೆಚ್ಚೇ.

ದಾವಣಗೆರೆಯ ಅಂಚಿನಲ್ಲಿ, ಆವರಗೆರೆ ಕಡೆ, ಹೊಲಗಳು ಸೈಟುಗಳಾಗುತ್ತಿದ್ದ ಕಾಲಕ್ಕೆ ನಾವಿಬ್ಬರೂ ಒಂದೇ ಓಣಿಯಲ್ಲಿ ಮನೆ ಕಟ್ಟಿದೆವು. ದಿನಾ ಹರಿಹರಕ್ಕೆ ಬಸ್ಸಿನಲ್ಲಿ ಹೋಗುವುದು, ಬರುವುದು. ನಾನು ಕಾಮರ್ಸು, ಆತ ಜೂವಾಲಜಿ. ನನ್ನನ್ನು ಹೆಸರು ಹಿಡಿದು ಆತ ಕರೆದದ್ದೇ ಇಲ್ಲ, "ಏನ್ರಿ ಕಾಮರ್ಸು" ಎನ್ನುತ್ತಿದ್ದ. ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ ಸದಾ ತೂಗುತ್ತಿತ್ತು. ದಾರ ಮಾಸಿದರೆ ಹೊಸದು ಹಾಕುತ್ತಿದ್ದ. ಗಾಜನ್ನು ಒರೆಸಿದ್ದನ್ನು ಮಾತ್ರ ನಾನು ಕಂಡಿಲ್ಲ.

ಅಂಗಿ ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಬಾಟಲಿ, ಅದರಲ್ಲಿ ಜೀವಂತ ಜೇಡ. ಬೆಳಗಿನ ಹರಿಹರದ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ, ಆದರೂ ಆತನಿಗೆ ಸೀಟು ಸಿಗದ ದಿನ ನನಗೆ ನೆನಪಿಲ್ಲ. ಯಾರಾದರೂ ಹೆಂಗಸು ಕೂತಿದ್ದ ಸೀಟಿನ ಪಕ್ಕ ನಿಲ್ಲುವುದು, ಬಾಟಲಿ ತೆಗೆದು ಬೆಳಕಿಗೆ ಹಿಡಿಯುವುದು, ಮುಚ್ಚಳ ಅರ್ಧ ತಿರುಗಿಸುವುದು. ಆಕೆ ಸೆರಗು ಎಳೆದುಕೊಂಡು ಏಳುತ್ತಿದ್ದಳು. ಆತ ಮುಚ್ಚಳ ಬಿಗಿ ಮಾಡಿ, ಕೂತು, ಪಂಚೆ ಸರಿ ಮಾಡಿಕೊಳ್ಳುತ್ತಿದ್ದ. ಒಮ್ಮೆ ಕಂಡಕ್ಟರನೇ ಸಿಟ್ಟಾದ. "ಸಾರ್, ಅದನ್ನ ಒಳಗೆ ಇಡ್ರಿ. ಬಸ್ಸಿನಾಗ ಬಸರಿ ಹೆಣ್ಮಕ್ಕಳು ಇರ್ತಾರೆ." ಆತ ಅದಕ್ಕೆ, "ವಿಜ್ಞಾನ ಕಣಪ್ಪಾ ಇದು, ಹೆಂಗೆ ಒಳಗೆ ಇಡ್ಲಿ," ಅಂದ. ಸುತ್ತಲಿದ್ದವರು ನಕ್ಕರು. ನಗಿಸಿದೆನಲ್ಲ ಎಂದು ಆತ ಹರಿಹರದ ಸೇತುವೆ ಬರುವ ತನಕ ಮುಖ ಅಗಲ ಮಾಡಿಕೊಂಡೇ ಇದ್ದ.

ಆತನ ಕಾಯಿಲೆ ಜೇಡವಲ್ಲ, ಜನ. ಜೇಡ ಬರೀ ನೆಪ. ಕಾಲೇಜಿನ ಕಾರಿಡಾರಿನಲ್ಲಿ ಗೋಡೆಗೆ ಒಂದು ಜೇಡ ಕಂಡರೆ ಬಗ್ಗುತ್ತಿದ್ದ, ಭೂತಗನ್ನಡಿ ಹಿಡಿಯುತ್ತಿದ್ದ, ಹಾಗೇ ನಿಲ್ಲುತ್ತಿದ್ದ. ಒಬ್ಬ ಹುಡುಗ ಬಂದು ನಿಂತರೆ ಏಳುತ್ತಿರಲಿಲ್ಲ. ಹತ್ತಾರು ಜನ ಗುಂಪಾಗಿ, ಹಿಂದಿನವರು ಕತ್ತು ಚಾಚುವಂತಾದ ಮೇಲೆ ನಿಧಾನವಾಗಿ ತಲೆ ಎತ್ತಿ, "ಹ್ಞೂಂ," ಎಂದು ಉದ್ದಕ್ಕೆ ಎಳೆದು, ಒಂದು ಲ್ಯಾಟಿನ್ ಹೆಸರು ಹೇಳುತ್ತಿದ್ದ. ಕನ್ನಡದಲ್ಲಿ ಏನಂತಾರೆ ಸಾರ್ ಎಂದರೆ ಮೂಗು ಮುರಿಯುತ್ತಿದ್ದ. "ಕನ್ನಡದಾಗ ಎಲ್ಲಾನೂ ಜ್ಯಾಡಾನೇ."

ಈಚೆಗೆ ಮೊಬೈಲು ಬಂದ ಮೇಲೆ ಜನ ಫೋಟೋ ಕಳಿಸಿ ಇದ್ಯಾವ ಜೇಡ ಎಂದು ಕೇಳತೊಡಗಿದರು. ಆತ ಉತ್ತರ ಕೊಡುತ್ತಿರಲಿಲ್ಲ. "ಫೋಟೋದಾಗ ಏನ್ ಗೊತ್ತಾಗ್ತೈತೆ? ಕರೀರಿ, ಬರ್ತೀನಿ." ಬರುವಾಗ ಇಸ್ತ್ರಿ ಅಂಗಿ. ಬಚ್ಚಲ ಮನೆಯ ಮೂಲೆಯ ಜೇಡ ನೋಡಲು ಇಸ್ತ್ರಿ ಅಂಗಿ ಹಾಕಿಕೊಂಡು ಬರುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ.

ಇಷ್ಟು ಒಪ್ಪಿಕೊಳ್ಳಬೇಕು: ಜೇಡ ಗುರುತಿಸುವುದು ಆತನಿಗೆ ಗೊತ್ತಿತ್ತು. ಗೊತ್ತಿಲ್ಲದವನಾಗಿದ್ದರೆ ನಾನು ಇದನ್ನು ಬರೆಯುತ್ತಲೂ ಇರಲಿಲ್ಲ.

ಭಾವನವರು ತೀರಿಕೊಂಡ ಮೇಲೆ ನನ್ನ ಅಕ್ಕ ಕಡರನಾಯಕನಹಳ್ಳಿಯಿಂದ ನಮ್ಮ ಮನೆಗೇ ಬಂದಳು. ಬಂದವಳು ಸುಮ್ಮನೆ ಕೂರುವ ಪೈಕಿ ಅಲ್ಲ. ಹಿತ್ತಲಿನ ಕಲ್ಲು ಆರಿಸಿ, ಗೊಬ್ಬರ ಹೊರಿಸಿ, ದಾಸವಾಳ, ಕನಕಾಂಬರ, ನುಗ್ಗೆ, ಕರಿಬೇವು ಎಲ್ಲ ಎಬ್ಬಿಸಿದಳು. ಹಿತ್ತಲ ಕೊನೆಗೆ ಒಂದು ತಗಡಿನ ಶೆಡ್ಡು. ಮನೆ ಕಟ್ಟುವಾಗ ಸಿಮೆಂಟು ಇಡಲು ಹಾಕಿಸಿದ್ದು, ಆಮೇಲೆ ತೆಂಗಿನ ಗರಿ, ಹಳೇ ಮೋಟಾರು, ಗೊಬ್ಬರದ ಚೀಲಗಳಿಗೆ ಆಯಿತು. ಅಲ್ಲಿ ಜೇಡಕ್ಕೆ ಬರವಿರಲಿಲ್ಲ. ಆತ ವಾರಕ್ಕೊಮ್ಮೆಯಾದರೂ ಬರುತ್ತಿದ್ದ. ಅಕ್ಕ ಆತನ ಹಿಂದೆ ಹಿಂದೆ ತಿರುಗುತ್ತಿದ್ದಳು.

ಕನಕಾಂಬರದ ಮೇಲೆ ಬಲೆ ನಡುವೆ ಬಿಳಿ ನೂಲಿನಿಂದ ಗುಣಾಕಾರದ ಚಿಹ್ನೆ ಹಾಕಿ, ಕಾಲುಗಳನ್ನು ಎರಡೆರಡಾಗಿ ಜೋಡಿಸಿ ಕೂತಿದ್ದ ಹಳದಿ ಪಟ್ಟೆಯ ಜೇಡವನ್ನು ಅವಳಿಗೆ ತೋರಿಸಿದ್ದು ಆತನೇ. ತುಳಸಿಯ ಮೇಲೆ ಬಲೆಯನ್ನೇ ಕಟ್ಟದೆ ಕಾದು ಹಾರುವ, ಕಾಲಿಗೆಲ್ಲ ಮುಳ್ಳಿರುವ ಹಸಿರು ಜೇಡ. ನುಗ್ಗೆಯ ತೊಗಟೆಗೆ ಅಂಟಿಕೊಂಡು, ಬಾಲ ಎರಡಿರುವ ಬೂದು ಬಣ್ಣದ್ದು. ದಾಸವಾಳದ ಎಲೆ ಮೇಲೆ ಇರುವೆಯಂತೆಯೇ ಓಡಾಡುವ, ಮುಂಗಾಲು ಎತ್ತಿ ಮೀಸೆ ಆಡಿಸಿದ ಹಾಗೆ ನಟಿಸುವ ಇನ್ನೊಂದು. "ಮೊದ್ಲು ಬಲೆ ನೋಡಮ್ಮ. ದುಂಡಗೈತಾ, ಹಾಳೆಯಂಗೈತಾ, ಇಲ್ಲೇ ಇಲ್ವಾ. ಆಮೇಲೆ ಕಣ್ಣು ನೋಡು. ಎಂಟು ಕಣ್ಣು ಹೆಂಗೆ ಸಾಲಾಗಿ ಕೂತಾವೆ ಅನ್ನೋದ್ರಾಗೇ ಅದರ ಮನೆತನ ಐತೆ," ಎನ್ನುತ್ತಿದ್ದ. ಅಕ್ಕ ಭೂತಗನ್ನಡಿ ಈಸಿಕೊಂಡು ನೋಡಿ, "ಎಂಟೂ ಕಾಣ್ತಾವೆ ನೋಡು ತಮ್ಮಾ," ಎಂದು ನನ್ನನ್ನು ಕೂಗುತ್ತಿದ್ದಳು. ಅವಳ ಮುಖದಲ್ಲಿ ಅಂಥ ಸಂತೋಷ ನೋಡಿ ಬಹಳ ದಿನವಾಗಿತ್ತು. ಅದಕ್ಕೆ ನಾನು ಆತನನ್ನು ಸಹಿಸಿಕೊಂಡೆ.

ನಿವೃತ್ತಿಯಾದ ಮೇಲಿನ ಒಂದು ಬೇಸಿಗೆ. ಅಕ್ಕ ನೀರು ಕಾಯಿಸಲು ಶೆಡ್ಡಿನಿಂದ ಗರಿ ಎಳೆದು ತರುವಾಗ ಮುಖದ ಮೇಲೆ ಏನೋ ಹರಿದಂತಾಯಿತಂತೆ. ಬೆಳಗಾಗುವಷ್ಟರಲ್ಲಿ ಹಣೆಯ ಎಡಭಾಗ ಉರಿ, ಹುಬ್ಬಿನ ಮೇಲೆ ಸಣ್ಣ ಸಣ್ಣ ನೀರ್ಗುಳ್ಳೆ. ಸರಿಯಾಗಿ ಅರ್ಧ ಹಣೆಗೆ ಗೆರೆ ಎಳೆದಂತೆ ಅಲ್ಲಿಗೇ ನಿಂತಿತ್ತು. ಓಣಿಯ ಹೆಂಗಸರು ನೋಡಿದ ಕೂಡಲೇ ಹೇಳಿದರು, ಜ್ಯಾಡ ಹರದೈತೆ ಎಂದು. ನಮ್ಮ ಕಡೆ ಇದಕ್ಕೆ ಔಷಧಿ ಎಲ್ಲರಿಗೂ ಗೊತ್ತು: ಕೆಮ್ಮಣ್ಣು. ಹರಿಹರದ ಹಳೇ ಊರಿನಲ್ಲಿ ಹೊಳೆಯ ಕಡೆ ಒಬ್ಬ ಮುದುಕಿ ಇದ್ದಳು. ಕೆಮ್ಮಣ್ಣು ತೇಯ್ದು, ಗುಳ್ಳೆಯ ಸುತ್ತ ಬಳಿದು, ಬಾಯಲ್ಲಿ ಏನೋ ಅಂದುಕೊಂಡು ಊದುತ್ತಿದ್ದಳು. ಅವಳ ಹತ್ತಿರ ಹೋದವರು ಡಾಕ್ಟರ ಹತ್ತಿರ ಹೋಗುವ ಹಾಗಿಲ್ಲ. ಇಂಜೆಕ್ಷನ್ ತಗೊಂಡರೆ ವಿಷ ಒಳಗೆ ಇಳಿಯುತ್ತದೆ ಎಂದು ನಂಬಿಕೆ.

ನಾನು ಆಟೋ ಕರೆಯಲು ಹೊರಟೆ. "ಕಣ್ಣಿನ ಹತ್ರ ಐತೆ, ನಡಿ ಡಾಕ್ಟರಿಗೆ ತೋರ್ಸೋಣ."

ಅಕ್ಕ ಅಲುಗಲಿಲ್ಲ. "ಜ್ಯಾಡದ್ದಾದ್ರೆ ಡಾಕ್ಟ್ರು ಏನ್ ಮಾಡ್ತಾನೆ? ಮೊದ್ಲು ಸಾರ್ ಬಂದು ನೋಡ್ಲಿ. ಅವರು ಜ್ಯಾಡ ಅಲ್ಲ ಅಂದ್ರೆ ಎಲ್ಲಿಗೆ ಅಂತೀಯೋ ಅಲ್ಲಿಗೆ ಬರ್ತೀನಿ."

ಆತ ಬಂದ. ಇಸ್ತ್ರಿ ಅಂಗಿಯಲ್ಲೇ ಬಂದ. ಹಿತ್ತಲಲ್ಲಿ ಆಗಲೇ ಜನ ಸೇರಿದ್ದರು, ಕಾಂಪೌಂಡಿನ ಆಚೆಯಿಂದಲೂ ತಲೆಗಳು. ಟಾರ್ಚು ಹಿಡಿದು ಶೆಡ್ಡಿನೊಳಗೆ ಹೋದವನು ಸ್ವಲ್ಪ ಹೊತ್ತಿಗೆ ಬಾಟಲಿ ತುಂಬುವಷ್ಟು ದೊಡ್ಡ ಜೇಡ ಹಿಡಿದು ಬಂದ. ಕಂದು ಬಣ್ಣ, ಚಪ್ಪಟೆ ಮೈ, ಅಂಗೈ ಅಗಲಕ್ಕೆ ಚಾಚಿದ ಕಾಲುಗಳು, ಹೊಟ್ಟೆ ಕೆಳಗೆ ಬಿಳಿ ಗುಂಡಿಯಂಥ ಮೊಟ್ಟೆಯ ಚೀಲ. ಜನ ಎರಡು ಹೆಜ್ಜೆ ಹಿಂದೆ ಸರಿದರು. ಆತ ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಬಗ್ಗಿದ. ಬಗ್ಗಿಯೇ ಇದ್ದ. ಆಮೇಲೆ ಎದ್ದು "ಹ್ಞೂಂ" ಎಂದು ಎಳೆದು, "ಹೆಟೆರೋಪೋಡಾ," ಅಂದ.

ಅಕ್ಕ ಒದ್ದೆ ಬಟ್ಟೆ ಹಣೆಗೆ ಒತ್ತಿಕೊಂಡು ಕೂತಿದ್ದಳು. "ಇದು ಮನುಷ್ಯರಿಗೆ ಏನಾದ್ರೂ ಮಾಡ್ತೈತೇನ್ರಿ ಸಾರ್? ಇದಕ್ಕೆ ವಿಷ ಐತಾ?"

ಎಲ್ಲರೂ ಆತನ ಮುಖ ನೋಡಿದರು. ಆತ ಕನ್ನಡಕ ತೆಗೆದು, ಅಂಗಿ ಅಂಚಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡ.

"ವಿಷ ಇಲ್ಲದ ಜ್ಯಾಡ ಎಲ್ಲೈತಮ್ಮ," ಅಂದ. "ಎಲ್ಲಾ ಜ್ಯಾಡಕ್ಕೂ ವಿಷ ಐತೆ."

ಶಿವನೇ ಎಂದಿತು ಗುಂಪು. ಆತ ವಿಷದ ಬಗ್ಗೆ ಮುಂದೆ ಒಂದು ಮಾತೂ ಆಡಲಿಲ್ಲ. ನನ್ನ ಹೆಂಡತಿ ತಂದ ಚಾ ಕುಡಿದ. ಯಾರೋ ಒಬ್ಬಾಕೆ ತನ್ನ ಮಗುವನ್ನು ಎತ್ತಿ ಬಾಟಲಿ ತೋರಿಸಿದಳು, ಅದಕ್ಕೂ ಭೂತಗನ್ನಡಿ ಹಿಡಿದು ತೋರಿಸಿದ. "ಮೊಟ್ಟೆ ಸಮೇತ ಸಿಕ್ಕಿದ್ದು ಬಾಳ ಅಪರೂಪ," ಎಂದು ಬಾಟಲಿ ಜೇಬಿಗೆ ಹಾಕಿಕೊಂಡು ಹೋದ.

ನಾನು ಇನ್ನೊಮ್ಮೆ ಆಟೋ ಮಾತೆತ್ತಿದೆ. ಅಕ್ಕ ಬೈಯಲಿಲ್ಲ, ಸಮಾಧಾನವಾಗಿಯೇ ಹೇಳಿದಳು. "ನೀನು ಲೆಕ್ಕದ ಮೇಷ್ಟ್ರು ತಮ್ಮಾ. ಅವರು ಜ್ಯಾಡದ ಮೇಷ್ಟ್ರು." ಹರಿಹರಕ್ಕೆ ಹೋದಳು, ಕೆಮ್ಮಣ್ಣು ಹಚ್ಚಿಸಿಕೊಂಡಳು, ಮತ್ತೆ ಹೋದಳು, ಮತ್ತೆ ಹಚ್ಚಿಸಿಕೊಂಡಳು. ಗುಳ್ಳೆ ರೆಪ್ಪೆಗೆ ಇಳಿಯಿತು, ಮೂಗಿನ ತುದಿಗೆ ಬಂತು. ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟ ಮುಖದಲ್ಲಿ ಎಡಗಣ್ಣು ಊದಿ ಮುಚ್ಚಿಹೋಯಿತು. ನೋವಿಗೆ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಕೊನೆಗೆ ಅವಳೇ, "ಎಲ್ಲಿಗಾದ್ರೂ ಕರಕೊಂಡು ಹೋಗು," ಅಂದಳು.

ಕಣ್ಣಿನ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕೆಮ್ಮಣ್ಣು ಒರೆಸಿಸಿ, ನೋಡಿ, ಒಂದೇ ಪ್ರಶ್ನೆ ಕೇಳಿದಳು. "ಅಮ್ಮಾ, ಸಣ್ಣವರಿದ್ದಾಗ ಮೈ ಮ್ಯಾಲೆ ಅಮ್ಮ ಎದ್ದಿತ್ತೇನ್ರಿ?" ಎದ್ದಿತ್ತು. ಆ ಚಿಕನ್ ಪಾಕ್ಸ್ ರೋಗ ಮೈಯೊಳಗೆ ನರದಲ್ಲಿ ಮಲಗಿದ್ದು ವಯಸ್ಸಾದ ಮೇಲೆ ಹೀಗೆ ಏಳುತ್ತದಂತೆ. ಹಣೆಯಲ್ಲಿ ಎದ್ದರೆ ಕಣ್ಣಿಗೆ ಇಳಿಯಬಹುದು. ಗುಳ್ಳೆ ಎದ್ದ ಮೊದಮೊದಲ ದಿನಗಳಲ್ಲೇ ಮಾತ್ರೆ ಬಿದ್ದಿದ್ದರೆ ಕಣ್ಣು ಉಳಿಸಬಹುದಿತ್ತು. "ಯಾಕ್ರಿ ಇಷ್ಟು ತಡ?" ಎಂದು ನನ್ನನ್ನು ಕೇಳಿದಳು. ಜೇಡ ಎಂದುಕೊಂಡೆವು ಎಂದೆ. ಆಕೆ ನಗಲಿಲ್ಲ. "ನಮ್ಮ ಕಡೆ ಇಂಥದ್ದು ಮಾಡೋ ಜೇಡ ಇಲ್ರೀ," ಅಂದಳು. ಅಕ್ಕನ ಎಡಗಣ್ಣಿನ ಗುಡ್ಡೆ ಮೇಲೆ ಹಾಲಿನ ಕೆನೆಯಂಥ ಪರದೆ ಕಟ್ಟಿತು. ಅದು ಹೋಗಲಿಲ್ಲ.

ಕೆಮ್ಮಣ್ಣಿನ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಆಕೆ ತನಗೆ ಗೊತ್ತಿದ್ದದ್ದನ್ನು ಮಾಡಿದಳು. ಆತನ ಮೇಲೂ ಅಷ್ಟು ದಿನ ಸಿಟ್ಟಿರಲಿಲ್ಲ, ನಿಜ ಹೇಳಬೇಕೆಂದರೆ. ಜೇಡದ ಮೈ ಗೊತ್ತು, ಮನುಷ್ಯರ ಮೈ ಗೊತ್ತಿಲ್ಲ, ಪಾಪ ಎಂದುಕೊಂಡಿದ್ದೆ. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲಿಗೆ ಇಳಿದಳು. ಆತ ಬಂದರೆ ಮೊದಲಿನಂತೆಯೇ ಮಾತಾಡಿಸಿದಳು. ಆತ ಒಮ್ಮೆಯೂ ಅವಳ ಕಣ್ಣಿನ ಸುದ್ದಿ ಎತ್ತಲಿಲ್ಲ.

ಮುಂದಿನ ವರ್ಷ ಹರಿಹರದ ನಮ್ಮ ಕಾಲೇಜಿನಲ್ಲಿ ವಿಜ್ಞಾನ ದಿನಾಚರಣೆ. 'ನಮ್ಮ ಸುತ್ತಲಿನ ಜೇಡಗಳು' ಎಂದು ಆತನ ಉಪನ್ಯಾಸ. ಅಕ್ಕ ತಾನೂ ಬರುತ್ತೇನೆ ಎಂದಳು. ಸಭಾಂಗಣದಲ್ಲಿ ಹುಡುಗರು ತುಂಬಿದ್ದರು, ನಾವು ಹಿಂದಿನ ಸಾಲಿನಲ್ಲಿ ಕೂತೆವು. ಪರದೆಯ ಮೇಲೆ ಒಂದೊಂದೇ ಚಿತ್ರ ಬಂತು. ನಮ್ಮ ಕನಕಾಂಬರದ್ದು, ನಮ್ಮ ನುಗ್ಗೆಯದ್ದು. ಅಕ್ಕ ಪ್ರತಿಯೊಂದಕ್ಕೂ ನನ್ನ ಮೊಣಕೈ ತಿವಿದು ಗುರುತು ಹೇಳುತ್ತಿದ್ದಳು. ಆಮೇಲೆ ಆ ದೊಡ್ಡ ಕಂದು ಜೇಡ ಬಂತು, ಹೊಟ್ಟೆ ಕೆಳಗೆ ಬಿಳಿ ಚೀಲ.

"ಇದನ್ನು ನೋಡಿ ಜನ ಹೆದರುತ್ತಾರೆ," ಅಂದ ಆತ. ವೇದಿಕೆ ಮೇಲೆ ಆತನದು ಪುಸ್ತಕದ ಕನ್ನಡ. "ಜಿರಲೆ ತಿಂದು ಬದುಕುವ ಸಾಧು ಪ್ರಾಣಿ ಇದು. ಮನುಷ್ಯರಿಗೆ ಇದರಿಂದ ಯಾವ ಅಪಾಯವೂ ಇಲ್ಲ. ಆದರೆ ನಮ್ಮ ಜನ ಮುಖದ ಮೇಲೆ ಗುಳ್ಳೆ ಎದ್ದರೆ ಜೇಡ ಹರಿಯಿತು ಎನ್ನುತ್ತಾರೆ, ಕೆಮ್ಮಣ್ಣು ಬಳಿದುಕೊಳ್ಳುತ್ತಾರೆ. ಅದು ವೈರಸ್ಸಿನಿಂದ ಬರುವ ರೋಗ. ನಾನು ಪಾಠ ಮಾಡಲು ಶುರು ಮಾಡಿದ ದಿನದಿಂದ ಇದನ್ನೇ ಹೇಳುತ್ತಾ ಬಂದಿದ್ದೇನೆ. ನಮ್ಮ ಓಣಿಯಲ್ಲೇ ಒಬ್ಬ ತಾಯಿ ಈ ಮೂಢನಂಬಿಕೆಗೆ ಒಂದು ಕಣ್ಣು ಬಲಿ ಕೊಟ್ಟರು."

ಸಭೆ ಅಯ್ಯೋ ಎಂದಿತು, ಆಮೇಲೆ ಚಪ್ಪಾಳೆ ಹೊಡೆಯಿತು. ಆತ ಕೈ ಎತ್ತಿ ಸಾಕು ಎಂಬಂತೆ ಮಾಡಿದ. ನಾನು ಅಕ್ಕನ ಕಡೆ ತಿರುಗಲಿಲ್ಲ. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡೇ ಇತ್ತು, ಅಲುಗಾಟ ಮಾತ್ರ ನಿಂತಿತ್ತು.

ಮುಗಿದ ಮೇಲೆ ಅವಳನ್ನು ಗೇಟಿನ ಬಳಿ ಕೂರಿಸಿ ನಾನು ಸ್ಟಾಫ್ ರೂಮಿಗೆ ಹೋದೆ. ಆತ ಶಾಲು ಮಡಿಸುತ್ತಾ ಉಪ್ಪಿಟ್ಟು ತಿನ್ನುತ್ತಿದ್ದ.

"ನಿಮಗೆ ಅವತ್ತೇ ಗೊತ್ತಿತ್ತು," ಎಂದೆ.

"ಏನ್ರಿ ಕಾಮರ್ಸು, ನಾನು ಹೇಳಿದ್ರಾಗ ಸುಳ್ಳು ಎಲ್ಲೈತೆ?" ಅಂದ. ಬಾಯಿಯ ಉಪ್ಪಿಟ್ಟು ನುಂಗಿ ಬೆರಳು ಮಡಚಿದ. "ಎಲ್ಲಾ ಜ್ಯಾಡಕ್ಕೂ ವಿಷ ಐತೆ. ನೊಣ ಕೊಲ್ಲೋಕೆ ಬೇಕಲ್ಲ, ಅದಕ್ಕೆ ಐತೆ. ಅದೂ ನಿಜ. ಈ ರೋಗ ವೈರಸ್ಸಿಂದು. ಇದೂ ನಿಜ. ನಾನು ಜ್ಯಾಡ ಗುರುತು ಹಿಡಿಯೋನು. ರೋಗ ಹೇಳೋಕೆ ನಾನೇನು ಡಾಕ್ಟ್ರಾ?"

ಅವಳು ಕೇಳಿದ್ದು ಅದೇ ಅಲ್ಲವೇನ್ರಿ, ಮನುಷ್ಯರಿಗೆ ಏನಾದರೂ ಮಾಡುತ್ತದಾ ಎಂದು, ಎಂದೆ. ಆತ ಆಚೀಚೆ ನೋಡಿ ದನಿ ತಗ್ಗಿಸಿದ. "ಅಷ್ಟು ಜನ ಸೇರಿದ್ರು. ಏನೂ ಇಲ್ಲ ಅಂದಿದ್ರೆ ಎದ್ದು ಹೋಗ್ತಿದ್ರು."

ಕೆನ್ನೆಗೆ ಬಾರಿಸಬೇಕೆನಿಸಿತು, ಬಾರಿಸಲಿಲ್ಲ. ಮನುಷ್ಯನಿಗೆ ಹಣದ ಆಸೆ ಇರಬಹುದು, ಹೆಣ್ಣಿನ ಆಸೆ ಇರಬಹುದು, ಅದಕ್ಕಾಗಿ ಕೆಟ್ಟವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಬಟ್ಟೆ ಒಗೆಯುವ ಕಲ್ಲಿನ ಸುತ್ತ ನಿಂತ ಇಪ್ಪತ್ತು ಜನ ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದು ಒಬ್ಬ ಹೆಂಗಸಿನ ಕಣ್ಣು ಹೋಗಲು ಬಿಟ್ಟವನನ್ನು ಆತನೊಬ್ಬನನ್ನೇ ಕಂಡದ್ದು. ಇಷ್ಟು ಅಗ್ಗದ ಆಸೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ದಾವಣಗೆರೆ ಹತ್ತಿರ ಬಂದ ಮೇಲೆ ಒಂದೇ ಮಾತು ಆಡಿದಳು. "ಅವರಿಗೆ ಗೊತ್ತಿರಲಿಲ್ಲ ಅಂದ್ಕೊಂಡು ನಾನು ಸಮಾಧಾನ ಮಾಡ್ಕೊಂಡಿದ್ದೆ."

ಆಮೇಲೆ ಆತನ ಬರುಹೋಗು ನಿಂತಿತು. ಅಕ್ಕ ಬರಬೇಡಿ ಅಂದವಳಲ್ಲ. ಆತನೇ ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ಮರದ ಕೊಂಬೆಯನ್ನೋ ಕರೆಂಟು ಕಂಬವನ್ನೋ ನೋಡುತ್ತಾ ದಾಟುತ್ತಿದ್ದ. ಓಣಿಯವರಿಗೆ ಮಾತ್ರ ಆತ ಇನ್ನೂ ದೊಡ್ಡ ಮನುಷ್ಯನೇ. ನಾನು ಒಬ್ಬಿಬ್ಬರಿಗೆ ನಡೆದದ್ದು ಹೇಳಿದೆ. ಕಾಮರ್ಸಿನವರಿಗೆ ಹೊಟ್ಟೆಉರಿ ಎಂದು ಮಾತಾಯಿತು.

ನಮ್ಮ ಮನೆಯಿಂದ ಎರಡು ಮನೆ ಆಚೆ ಸುಧಾ ಎಂಬ ಹೆಣ್ಣುಮಗಳಿದ್ದಾಳೆ. ಗಂಡ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾನೆ, ಇವಳು ಮನೆಯಲ್ಲೇ ಬ್ಲೌಸು ಹೊಲಿಯುತ್ತಾಳೆ. ಓಣಿಯ ಮದುವೆ ಬ್ಲೌಸೆಲ್ಲ ಅವಳ ಕೈಯದೇ. ಹೋದ ವರ್ಷ ಒಂದು ಬೆಳಿಗ್ಗೆ ಅವಳ ಅತ್ತೆ ಅವಳನ್ನು ಕೈ ಹಿಡಿದುಕೊಂಡು ನಮ್ಮ ಹಿತ್ತಲಿಗೇ ಬಂದಳು. ಸುಧಾಳ ಬಲ ಹುಬ್ಬಿನ ಮೇಲೆ ನೀರ್ಗುಳ್ಳೆ, ರೆಪ್ಪೆ ಆಗಲೇ ಕೆಂಪಗಾಗಿತ್ತು. ಎರಡು ದಿನದ ಹಿಂದೆ ನಮ್ಮ ಶೆಡ್ಡಿನಿಂದ ಗರಿ ಒಯ್ದಿದ್ದಳು. "ನಿಮ್ಮ ಶೆಡ್ಡಿನ ಜ್ಯಾಡಾನೇ," ಅಂದಳು ಅತ್ತೆ. "ಸಾರಿಗೆ ಹೇಳಿ ಕಳ್ಸೀನಿ. ಅವರು ನೋಡಿ ಹೇಳಿದ್ರೆ ಹರಿಹರಕ್ಕೆ ಕರಕೊಂಡು ಹೋಗ್ತೀನಿ." ಮುದುಕಿ ತೀರಿಕೊಂಡಿದ್ದಳು, ಈಗ ಅವಳ ಸೊಸೆ ಕೆಮ್ಮಣ್ಣು ಹಚ್ಚುತ್ತಾಳಂತೆ.

ಡಾಕ್ಟರು ನಮಗೆ ಹೇಳಿದ್ದನ್ನು ಅಕ್ಕ ಹೇಳಿದಳು, ನಾನೂ ಹೇಳಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಸುಧಾ ಒಂದು ಸಲ ನಮ್ಮನ್ನು, ಒಂದು ಸಲ ಅತ್ತೆಯನ್ನು ನೋಡುತ್ತಾ ನಿಂತಳು. ಅಷ್ಟರಲ್ಲಿ ಆತ ಬಂದ. ಕರೆದ ಮೇಲೆ ಬಾರದೆ ಇರಲು ಆತನಿಂದ ಆಗುವುದಿಲ್ಲ. ಅದೇ ಕರಿ ದಾರ, ಅದೇ ಭೂತಗನ್ನಡಿ. ಹಿಂದೆಯೇ ಜನ.

ಅಕ್ಕ ಅಡ್ಡ ನಿಂತಳು. "ಸಾರ್, ಒಳಗೆ ಆಮೇಲೆ ಹೋಗೋರಂತೆ. ಮೊದ್ಲು ಈ ಹುಡುಗಿಗೆ ಒಂದು ಮಾತು ಹೇಳ್ರಿ. ಜ್ಯಾಡ ಹರದ್ರೆ ಹಿಂಗೆ ಆಗ್ತೈತಾ, ಇಲ್ವಾ?"

ಆತ ಸುಧಾಳನ್ನು ನೋಡಲಿಲ್ಲ. ಜನರನ್ನು ನೋಡಿದ. ಹರಿಹರದ ವೇದಿಕೆಯಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಇಲ್ಲಿ ಬಾಯಿಗೆ ಬರಲಿಲ್ಲ. ಅಲ್ಲಿ ಅದಕ್ಕೆ ಚಪ್ಪಾಳೆ ಇತ್ತು. ಇಲ್ಲಿ ಅದನ್ನು ಹೇಳಿದರೆ ಎಲ್ಲರೂ ಮನೆಗೆ ಹೋಗುತ್ತಾರೆ.

"ಯಾವ ಜ್ಯಾಡ ಅಂತ ನೋಡದೆ ಹೆಂಗೆ ಹೇಳ್ಲಮ್ಮ," ಅಂದ. "ಮೊದ್ಲು ಗುರುತು ಹಿಡೀಬೇಕು." ಟಾರ್ಚು ಹಚ್ಚಿ ಶೆಡ್ಡಿನೊಳಗೆ ಹೋದ.

ಅಕ್ಕ ಕಪ್ಪು ಕನ್ನಡಕ ತೆಗೆದಳು. ಓಣಿಯಲ್ಲಿ ಯಾರೆದುರಿಗೂ ಅವಳು ಅದನ್ನು ತೆಗೆದಿರಲಿಲ್ಲ. ಸುಧಾಳ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು. "ಇದನ್ನ ನೋಡು. ಸರಿಯಾಗಿ ನೋಡು. ನಾನು ಅವರು ಹೇಳ್ತಾರೆ ಅಂತ ಕಾದೆ. ನೀನು ಕಾಯಬ್ಯಾಡ. ನಿಂದು ಸೂಜಿಗೆ ದಾರ ಹಾಕೋ ಕಣ್ಣು."

ಸುಧಾ ನೋಡಿದಳು. ಆ ಬಿಳಿ ಗುಡ್ಡೆಯನ್ನು ಅತ್ತೆಯೂ ನೋಡಿದಳು. "ಆಟೋ ಕರೀರಿ," ಅಂದದ್ದು ಅತ್ತೆಯೇ. ನಾನು ರಸ್ತೆಗೆ ಓಡಿದೆ. ಆಟೋದಲ್ಲಿ ಸುಧಾಳ ಪಕ್ಕ ಅಕ್ಕ ಕನ್ನಡಕ ಕೈಯಲ್ಲೇ ಹಿಡಿದು ಕೂತಳು. ಅದೇ ಡಾಕ್ಟರು ಈ ಸಲ ತಡವಾಯಿತು ಎನ್ನಲಿಲ್ಲ, ಮಾತ್ರೆ ಬರೆದು, ಸರಿಯಾದ ಹೊತ್ತಿಗೆ ಬಂದಿರಿ, ಕಣ್ಣಿಗೆ ಏನೂ ಆಗುವುದಿಲ್ಲ ಎಂದಳು. ಆಗಲೂ ಇಲ್ಲ. ಹುಬ್ಬಿನಲ್ಲಿ ಸಣ್ಣ ಕಲೆ ಉಳಿದಿದೆ ಅಷ್ಟೇ, ಸುಧಾ ಇವತ್ತಿಗೂ ಹೊಲಿಯುತ್ತಾಳೆ. ಆತ ಆ ವರ್ಷವೇ ಮನೆ ಮಾರಿ ಹರಿಹರಕ್ಕೆ ಹೋದ.

ಅವತ್ತು ಸುಧಾಳನ್ನು ಮನೆ ಮುಟ್ಟಿಸಿ ನಾವು ಹಿತ್ತಲಿಗೆ ಬಂದಾಗ ಮಧ್ಯಾಹ್ನವಾಗಿತ್ತು. ಜನ ಯಾರೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆತ ಒಬ್ಬನೇ ಕೂತಿದ್ದ. ತಲೆಗೆ ಶೆಡ್ಡಿನ ಧೂಳು, ಇಸ್ತ್ರಿ ಅಂಗಿಯ ಬೆನ್ನಿಗೆ ತಗಡಿನ ತುಕ್ಕು. ಕೈಯಲ್ಲಿ ಬಾಟಲಿ, ಒಳಗೆ ಅದೇ ಜಾತಿಯ ಕಂದು ಜೇಡ.

"ಸಿಕ್ತು," ಅಂದ ನಮ್ಮನ್ನು ನೋಡಿ. "ಹೊರಗೆ ಬಂದ್ರೆ ಒಬ್ರೂ ಇಲ್ಲ."

ಅಕ್ಕ ಆತನೆದುರು ಕುಕ್ಕರಗಾಲಿನಲ್ಲಿ ಕೂತು ಬಾಟಲಿ ಈಸಿಕೊಂಡಳು. ಬೆಳಕಿಗೆ ಹಿಡಿದು, ಒಳ್ಳೆಯ ಕಣ್ಣನ್ನು ಹತ್ತಿರ ತಂದು, ಬಹಳ ಹೊತ್ತು ನೋಡಿದಳು.

"ಇದು ಮನುಷ್ಯರಿಗೆ ಏನ್ ಮಾಡ್ತೈತೆ ಸಾರ್?"

ಆತ ಗೇಟಿನ ಕಡೆ ನೋಡಿದ. ಕಾಂಪೌಂಡಿನ ಆಚೆ ನೋಡಿದ. ಯಾರೂ ಇರಲಿಲ್ಲ.

"ಏನೂ ಮಾಡಲ್ಲಮ್ಮ," ಅಂದ.

ಅಕ್ಕ ಬಾಟಲಿಯನ್ನು ಆತನ ಕೈಗೇ ವಾಪಸು ಕೊಟ್ಟಳು. "ಇಷ್ಟೇ ನೋಡ್ರಿ," ಅಂದಳು, "ಅವತ್ತು ನಾನು ಕೇಳಿದ್ದು."